ನೀನಿಲ್ಲದೆ ಕಟ್ಟಿದ ಡ್ರಮ್ಮು

ಗುಂಡ್ಲುಪೇಟೆ
ಭಾನುವಾರ, ೧೨-೨-೧೯೫೬

ಪ್ರೀತಿಯ ಮಗಳು ಶಿವರುದ್ರಮ್ಮನಿಗೆ,

ನಿನ್ನಪ್ಪ ಇಲ್ಲಿ ಕ್ಷೇಮವಾಗಿದ್ದಾನೆ. ನೀನೂ ತಿಪಟೂರಿನ ನಿಮ್ಮ ಮನೆಯವರೆಲ್ಲರೂ ಹಾಗೆಯೇ ಇರಲಿ ಎಂದು ಮಾದಪ್ಪನಲ್ಲಿ ಬೇಡಿಕೊಳ್ಳುತ್ತೇನೆ. ನಿನ್ನ ತಲೆನೋವು ಹೇಗಿದೆ ಮಗಳೇ? ಹಿಂದಿನ ಸಲ ಬಂದಾಗ ಹುಬ್ಬಿನ ಮೇಲೆ ಕೈಯಿಟ್ಟುಕೊಂಡೇ ಕೂತಿರುತ್ತಿದ್ದೆ. ಕೊಬ್ಬರಿ ವ್ಯಾಪಾರದ ಮನೆ, ಆಳುಕಾಳು, ಬಂದುಹೋಗುವವರು, ಕೆಲಸ ಮುಗಿಯುವುದೇ ಇಲ್ಲ ಅಂತ ನನಗೂ ಗೊತ್ತು. ಆದರೂ ಹೊತ್ತಿಗೆ ಸರಿಯಾಗಿ ಉಣ್ಣು, ಎಲ್ಲರದೂ ಆಗಲಿ ಅಂತ ಕಾಯುತ್ತಾ ಕೂರಬೇಡ. ನಿನ್ನ ಕಾಗದ ಸಂಕ್ರಾಂತಿ ಕಳೆದ ಮೇಲೆ ಬಂತು. ಉತ್ತರ ಬರೆಯಲು ಇಷ್ಟು ತಡ ಯಾಕಾಯಿತು ಎನ್ನುವುದನ್ನು ಹೇಳುವುದಕ್ಕೇ ಈಗ ಕೂತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಕೆಲಸ ಮುಗಿಸಿಕೊಂಡು ಓದು.

ನನ್ನ ಊಟ ತಿಂಡಿಗೆ ಏನೂ ಕೊರತೆಯಿಲ್ಲ. ಮುದ್ದೆ ಕಟ್ಟಿದರೆ ಗಂಟು ಬರುವುದು ಈಗ ಕಡಿಮೆಯಾಗಿದೆ. ಸಾರು ಮಾತ್ರ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ. ನಿನ್ನ ಅವ್ವ ಹೋದ ಮೇಲೆ ನೀನಿದ್ದೆ, ನೀನು ಗಂಡನ ಮನೆಗೆ ಹೋದ ಮೇಲೆ ಸ್ಕೂಲಿತ್ತು. ಸಂಜೆ ಮನೆಗೆ ಬಂದ ಮೇಲೆ ಒಂದು ಮಾತಾಡೋಣ ಅಂದರೆ ಯಾರೂ ಇಲ್ಲ. ಮನೆ ಇಷ್ಟು ನಿಶ್ಶಬ್ದವಾಗಿರುವುದು ನೀನು ಇಲ್ಲದ್ದರಿಂದ ಅಂದುಕೊಂಡಿದ್ದೆ. ಅದು ಪೂರ್ತಿ ನಿಜವಲ್ಲ ಅಂತ ಈಚೆಗೆ ತಿಳಿಯಿತು.

ಡಿಸೆಂಬರಿನಲ್ಲಿ ನಮ್ಮ ಸ್ಕೂಲ್ ಬ್ಯಾಂಡಿನ ದೊಡ್ಡ ಡ್ರಮ್ಮಿನ ತೊಗಲು ಹರಿದುಹೋಯಿತು. ಕವಾಯತು ಮುಗಿದ ಮೇಲೆ ಹಗ್ಗ ಸಡಿಲಿಸಿ ಇಡಬೇಕು ಅಂತ ಹುಡುಗರಿಗೆ ಎಷ್ಟು ಸಲ ಹೇಳಿದ್ದೇನೋ. ನಾನು ಜ್ವರದಲ್ಲಿ ಮಲಗಿದ್ದೆ, ಅವರು ಬಿಗಿದಂತೆಯೇ ಗೋಡೆಗೆ ಒರಗಿಸಿ ಹೋಗಿದ್ದಾರೆ. ನಮ್ಮ ಕಡೆಯ ಚಳಿ ನಿನಗೆ ಗೊತ್ತಲ್ಲ, ಬೆಳಿಗ್ಗೆ ಗೋಪಾಲಸ್ವಾಮಿ ಬೆಟ್ಟದಿಂದ ಮಂಜು ಇಳಿದು ತೊಗಲು ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತದೆ, ಮಧ್ಯಾಹ್ನದ ಒಣಗಾಳಿಗೆ ಸೆಟೆದು ನಿಲ್ಲುತ್ತದೆ. ಹೀಗೆ ಸೆಳೆದು ಸೆಳೆದು ಒಂದು ಅಂಚಿನಿಂದ ನಡುವಿನವರೆಗೂ ಬಿಟ್ಟುಕೊಂಡಿತ್ತು. ಚಿಕ್ಕ ಸೈಡ್ ಡ್ರಮ್ಮುಗಳಲ್ಲಿ ಒಂದರ ಮೇಲಿನ ಚರ್ಮವೂ ಕೋಲು ಬಿದ್ದೂ ಬಿದ್ದೂ ಸವೆದಿತ್ತು. ಗಣರಾಜ್ಯೋತ್ಸವಕ್ಕೆ ಚಾಮರಾಜನಗರದಲ್ಲಿ ಸುತ್ತಲ ಸ್ಕೂಲುಗಳ ಬ್ಯಾಂಡೆಲ್ಲ ಸೇರುವುದಿತ್ತು. ಹೆಡ್‌ಮಾಸ್ಟರ್ ನೀಲಕಂಠಸ್ವಾಮಿಯವರು, ಮೈಸೂರಿಗೆ ಕಳಿಸಿ ಕಟ್ಟಿಸಿಬಿಡೋಣ ಅಂದರು. ನಾನೇ ಬೇಡ ಅಂದೆ. ಯುದ್ಧ ಮುಗಿದು ಪಟಾಲಂನಿಂದ ಈ ಡ್ರಮ್ಮುಗಳು ನಮ್ಮ ಸ್ಕೂಲಿಗೆ ಬಂದಾಗಿನಿಂದ ತೊಗಲು ಕಟ್ಟಲು ಬೇರೆ ಯಾರ ಕೈಯೂ ಅವುಗಳ ಮೇಲೆ ಬಿದ್ದಿಲ್ಲ, ನಿನ್ನದೊಂದನ್ನು ಬಿಟ್ಟರೆ.

ಚಾಮರಾಜನಗರಕ್ಕೆ ಹೋಗಿ ತೊಗಲು ಹದ ಮಾಡುವ ದೊಡ್ಡಯ್ಯನ ಅಂಗಳದಲ್ಲಿ ನಿಂತಾಗ ನಿನ್ನದೇ ನೆನಪು. ಲಂಗ ಎತ್ತಿ ಕಟ್ಟಿಕೊಂಡು, ಆ ನಾತಕ್ಕೆ ಮೂಗು ಸಹ ಮುಚ್ಚಿಕೊಳ್ಳದೆ, ನನ್ನ ಜೊತೆ ತೊಗಲಿನ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದೆ. ನಾನು ಬಿಸಿಲಿಗೆ ಹಿಡಿದು ಎಲ್ಲಿ ಕತ್ತಿಯ ಗೀರು ಬಿದ್ದಿದೆ, ಎಲ್ಲಿ ದಪ್ಪ, ಎಲ್ಲಿ ತೆಳು, ಬೆನ್ನೆಲುಬಿನ ಗೆರೆ ನಡುವೆ ಬರುತ್ತದೋ ಇಲ್ಲವೋ ಅಂತ ನೋಡುತ್ತಿದ್ದೆ. ನೀನು ಉಗುರಿನಿಂದ ಟಪ್ ಅಂತ ಹೊಡೆದು ಕಿವಿಗೊಡುತ್ತಿದ್ದೆ. “ಅಪ್ಪ, ಇದು ಕೆಮ್ತದ” ಅನ್ನುತ್ತಿದ್ದೆ. “ಇದು ಮಾತಾಡ್ತದ, ಇದ್ನೇ ತಕ್ಕೊ” ಅನ್ನುತ್ತಿದ್ದೆ. ದೊಡ್ಡಯ್ಯ ನಗುತ್ತಾ, “ಮಗ ಬುಡಾಕಿಲ್ಲ ಕಣ್ರ ಮೇಷ್ಟ್ರ” ಅಂತ ನೀನು ತೋರಿಸಿದ್ದನ್ನೇ ಸುತ್ತಿ ಕೊಡುತ್ತಿದ್ದ. ಈ ಸಲ ದೊಡ್ಡಯ್ಯನೇ ಹೊಡೆದು ತೋರಿಸಿದ. ನನಗೆ ಏನೂ ಕೇಳಿಸಲಿಲ್ಲ. ಬೀದಿಯಲ್ಲಿ ಗಾಡಿಗಳು ಹೋಗುತ್ತಿದ್ದವು, ಅದರ ಗಲಾಟೆ ಇರಬೇಕು ಅಂದುಕೊಂಡೆ. “ಸಂದಾಗದ ತಕ್ಕಳಿ, ನಿಮ್ಗ ಕೇಳ್ನಿಲ್ವಾ?” ಅಂದ. ತಲೆಯಾಡಿಸಿ ತೆಗೆದುಕೊಂಡು ಬಂದೆ. ದೊಡ್ಡ ಡ್ರಮ್ಮಿಗೆ ಕರುವಿನ ತೊಗಲು, ಚಿಕ್ಕದಕ್ಕೆ ಆಡಿನದು. ಎರಡೂ ನೋಡುವುದಕ್ಕೆ ಒಳ್ಳೆಯ ತೊಗಲುಗಳೇ.

ಮನೆಯ ಹಿಂದೆ ನೆನೆಹಾಕಿದೆ. ಲಿಂಗ ಕಟ್ಟಿಕೊಂಡವನು ತೊಗಲು ನೆನೆಸುತ್ತಾನೆ ಅಂತ ಅಕ್ಕಪಕ್ಕದವರು ಮೊದಲು ಆಡಿಕೊಳ್ಳುತ್ತಿದ್ದದ್ದು ನೆನಪಿದೆಯಾ? ಈಗ ಅವರೂ ಸುಮ್ಮನಾಗಿದ್ದಾರೆ. ನಿನ್ನ ಅವ್ವನಾದರೆ ಅದಕ್ಕೇ ಬೇರೆ ಬಕೀಟು ಇಟ್ಟು, ನಾನು ತಲೆಗೆ ಸ್ನಾನ ಮಾಡುವವರೆಗೂ ಅಡುಗೆಮನೆಯ ಹೊಸಿಲು ತುಳಿಯಲು ಬಿಡುತ್ತಿರಲಿಲ್ಲ. ಈಗಲೂ ಹಾಗೇ ಮಾಡುತ್ತೇನೆ, ಒಳಗೆ ಬಿಡದಿರುವವರು ಯಾರೂ ಇಲ್ಲದಿದ್ದರೂ. ಮೆತ್ತಗಾದ ತೊಗಲನ್ನು ಮರದ ಬಳೆಯ ಮೇಲೆ ಹಾಸಿ, ಅಂಚನ್ನು ಚಮಚದ ಹಿಡಿಯಿಂದ ಒಳಕ್ಕೆ ಮಡಿಚಿ ತುರುಕುವಾಗ ಇನ್ನೊಂದು ಜೊತೆ ಕೈ ಇದ್ದಿದ್ದರೆ ಅನಿಸಿತು. ಮೊಣಕಾಲಿನಲ್ಲಿ ಒತ್ತಿ ಹಿಡಿದು ಹೇಗೋ ಮುಗಿಸಿದೆ. ಬಿಸಿಲಿಗಿಡದೆ ಜಗುಲಿಯ ನೆರಳಲ್ಲೇ ಒಣಗಿಸಿ, ಸ್ಕೂಲಿಗೆ ಹೊತ್ತುಕೊಂಡು ಹೋಗಿ, ಹಗ್ಗ ಹಾಕಿ ಬಿಗಿದೆ. ಇಷ್ಟು ವರ್ಷದ ಅಭ್ಯಾಸ, ಹೆಬ್ಬೆರಳಿನಿಂದ ಒತ್ತಿ ನೋಡಿ ಸರಿಯಾಗಿದೆ ಅಂದುಕೊಂಡೆ. ಹುಡುಗರು ಬಾರಿಸಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಷ್ಟ್ರು ಕಟ್ಟಿದ್ದು ಸರಿಯಿಲ್ಲ ಅಂತ ಹೇಳುವ ಧೈರ್ಯ ಯಾರಿಗಿರುತ್ತದೆ?

ಚಾಮರಾಜನಗರದ ಮೈದಾನದಲ್ಲಿ ನಮ್ಮ ಸರದಿ ಬಂತು. ಅರ್ಧ ದಾರಿ ಹೋಗುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗರ ಹೆಜ್ಜೆ ತಪ್ಪಿತು, ಆಮೇಲೆ ಮುಂದಿನವರದೂ. ದೊಡ್ಡ ಡ್ರಮ್ಮಿನ ಹುಡುಗ ಇನ್ನೂ ಜೋರಾಗಿ ಹೊಡೆಯುತ್ತಿದ್ದ, ಬೆವರು ಸುರಿಯುತ್ತಿತ್ತು. ಬಿದಿರ ತಡಿಕೆಯ ಆಚೆ ನಿಂತಿದ್ದ ಜನ ನಗುತ್ತಿದ್ದರು. ನಗುವಿನ ಸದ್ದು ನನಗೆ ಬರಲಿಲ್ಲ, ಅವರ ಭುಜ ಕುಣಿಯುವುದು ಕಂಡಿತು. ಮೈಯೆಲ್ಲ ಉರಿದುಹೋಯಿತು. ಕವಾಯತು ಮುಗಿದದ್ದೇ ಹುಡುಗರನ್ನು ಹೊಂಗೆಮರದ ಕೆಳಗೆ ನಿಲ್ಲಿಸಿ ಬಾಯಿಗೆ ಬಂದಂತೆ ಬೈದೆ. ಊರ ಮಾನ ತೆಗೆದಿರಿ ಅಂದೆ. ದೊಡ್ಡ ಡ್ರಮ್ಮಿನ ಹುಡುಗ ತುಟಿ ಕಚ್ಚಿಕೊಂಡು ನಿಂತಿದ್ದ, ಕಣ್ಣಲ್ಲಿ ನೀರಿತ್ತು.

ವಾಪಸು ಬರುವಾಗ ಬಸ್ಸು ತೆರಕಣಾಂಬಿಯಲ್ಲಿ ಕಾಫಿಗೆ ನಿಂತಿತು. ಹುಡುಗಿಯರ ಜೊತೆ ಯಶೋದಮ್ಮನವರು ಬಂದಿದ್ದರು. ನೀನು ಅವರನ್ನು ನೋಡಿಲ್ಲ, ಹಾಡು ಮತ್ತು ಹೊಲಿಗೆ ಹೇಳಿಕೊಡುವವರು, ಎರಡು ವರ್ಷದ ಕೆಳಗೆ ನಂಜನಗೂಡಿನಿಂದ ವರ್ಗವಾಗಿ ಬಂದರು. ಹೆಚ್ಚು ಮಾತಿನವರಲ್ಲ. ಅವರು ಬಂದು ನನ್ನ ಎದುರಿಗೇ ನಿಂತು, ನಿಧಾನವಾಗಿ ಹೇಳಿದರು: “ತಪ್ಪು ಹುಡುಗರದ್ದಲ್ಲ ಮೇಷ್ಟ್ರೇ. ಸೈಡ್ ಡ್ರಮ್ಮುಗಳ ಶ್ರುತಿ ಒಂದರದು ಮೇಲೆ, ಇನ್ನೊಂದರದು ಕೆಳಗೆ. ದೊಡ್ಡದು ಗೋಣಿಚೀಲ ಬಡಿದ ಹಾಗಿತ್ತು, ಹಿಂದಿನ ಸಾಲಿಗೆ ಹೋಗಲೇ ಇಲ್ಲ. ನಿಮಗೆ ಕೇಳಿಸುತ್ತಿಲ್ಲ, ಅಲ್ಲವಾ?” ಅವರು ಹೇಳಿದ್ದರಲ್ಲಿ ಅರ್ಧ ತುಟಿ ನೋಡಿ ತಿಳಿದುಕೊಂಡೆ ಎನ್ನುವುದು ಆಗ ನನಗೇ ಅರಿವಾಯಿತು. ಸ್ಕೂಲಿನ ಗಂಟೆ ಹೊಡೆದದ್ದು ಹುಡುಗರು ಏಳುವುದನ್ನು ನೋಡಿಯೇ ನನಗೆ ಗೊತ್ತಾಗುತ್ತಿತ್ತು ಮಗಳೇ, ಯಾವಾಗಿನಿಂದ ಅಂತ ನೆನಪಾಗಲಿಲ್ಲ. ಗುಂಡ್ಲುಪೇಟೆ ಬರುವವರೆಗೂ ಕಿಟಕಿಯ ಆಚೆ ನೋಡುತ್ತಾ ಕೂತಿದ್ದೆ. ಬಸ್ಸಿನಲ್ಲಿ ಹುಡುಗರು ಹಾಡುತ್ತಿದ್ದರಂತೆ.

ಮಾರನೆಯ ವಾರ ಮೈಸೂರಿಗೆ ಹೋಗಿ ಕಿವಿ ಡಾಕ್ಟರಿಗೆ ತೋರಿಸಿದೆ. ಕವಲುಕೋಲಿನಂಥ ಒಂದು ಕಬ್ಬಿಣವನ್ನು ತಟ್ಟಿ ತಟ್ಟಿ ಕಿವಿಯ ಹತ್ತಿರ ಹಿಡಿದರು. ಎಡಗಿವಿ ಹೋಗಿದೆ, ಬಲಗಿವಿ ಹೋಗುತ್ತಿದೆ, ಔಷಧಿಯಿಂದ ಆಗುವುದು ಏನೂ ಇಲ್ಲ ಅಂತ ಚೀಟಿಯಲ್ಲಿ ಬರೆದು ತೋರಿಸಿದರು. ಒಳ್ಳೆಯ ಮನುಷ್ಯ, ಬಾಗಿಲವರೆಗೂ ಬಂದು ಕಳಿಸಿದರು. ವಾಪಸು ಬಂದು ಮೊದಲು ಹುಡುಗರನ್ನು ಕರೆದು, ನಿಮ್ಮ ತಪ್ಪು ಅಲ್ಲ, ನನ್ನದು, ಮನಸ್ಸಿನಲ್ಲಿಟ್ಟುಕೊಳ್ಳಬೇಡಿ ಅಂದೆ. ಅವರು ನಾಚಿಕೊಂಡು ನೆಲ ನೋಡಿದರು. ಆಮೇಲೆ ಹೆಡ್‌ಮಾಸ್ಟರ ಹತ್ತಿರ ಹೋಗಿ, ಬ್ಯಾಂಡನ್ನು ಬೇರೆ ಯಾರಿಗಾದರೂ ವಹಿಸಿ ಅಂದೆ. ಅವರು “ಡ್ರಿಲ್ಲು ನಿಮ್ಮದೇ ಇರಲಿ, ಡ್ರಮ್ಮಿಗೆ ಯಶೋದಮ್ಮನವರು ಕಿವಿ ಕೊಡಲಿ” ಅಂತ ತೀರ್ಮಾನ ಮಾಡಿದರು.

ಯಶೋದಮ್ಮನವರು ದೊಡ್ಡ ಡ್ರಮ್ಮಿನ ಸುತ್ತ ಬೆರಳಿನಿಂದ ತಟ್ಟುತ್ತಾ ಬಂದು, ಒಂದು ಕಡೆ ಜೀವವೇ ಇಲ್ಲ ಅಂದರು. ಬಿಚ್ಚಿ ನೋಡಿದರೆ ಹೊಟ್ಟೆಯ ಕಡೆ ತೊಗಲು ತೆಳ್ಳಗೆ ಸಡಿಲವಾಗಿತ್ತು. ನನ್ನ ಕಣ್ಣೂ ಮೊದಲಿನ ಹಾಗಿಲ್ಲ ಅಂತ ಆಯಿತು. ದೊಡ್ಡಯ್ಯ ಬೇರೆ ತೊಗಲುಗಳನ್ನು ಬಸ್ಸಿನಲ್ಲಿ ಕಳಿಸಿಕೊಟ್ಟ. ಅವರು ಉಗುರಿನಿಂದ ಹೊಡೆದು ಒಂದನ್ನು ಆರಿಸಿದರು. ನಾನು ಬಿಗಿಯುತ್ತಾ ಹೋದೆ, ಅವರು ಬೆರಳು ಮೇಲೆತ್ತಿದರೆ ಹಗ್ಗ ಎಳೆಯುವುದು, ಕೆಳಗಿಳಿಸಿದರೆ ಬಿಡುವುದು. ನಡುನಡುವೆ ಎಲ್ಲ ಹೇಳಿಕೊಟ್ಟೆ. ಬಾರಿಸಿದ ಮೇಲೆ ಹಗ್ಗ ಸಡಿಲಿಸಬೇಕು, ಒಲೆಯ ಹತ್ತಿರ ಕಾಯಿಸಬಾರದು, ಒದ್ದೆಯಾದರೆ ಒಣಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಇಡಬೇಕು, ಎಣ್ಣೆ ಮುಟ್ಟಿಸಲೇಬಾರದು, ಒಂದರ ಮೇಲೊಂದು ಪೇರಿಸಬಾರದು. ಎಲ್ಲ ಹೇಳಿ ಮುಗಿದ ಮೇಲೆ ಹೇಳಲು ಇನ್ನೇನೂ ಉಳಿಯಲಿಲ್ಲ. ಇಷ್ಟೇನಾ ಅನಿಸಿತು.

ಮೊನ್ನೆ ಶುಕ್ರವಾರ ಸ್ಕೂಲಿನ ಮೈದಾನದಲ್ಲಿ ಹುಡುಗರು ಮತ್ತೆ ನಡೆದರು. ನಾನು ದೂರದ ಬೇಲಿಯ ಹತ್ತಿರ ನಿಂತಿದ್ದೆ. ಕೋಲು ಏಳುವುದು, ಬೀಳುವುದು ಕಾಣುತ್ತಿತ್ತು, ಸದ್ದು ಮಾತ್ರ ಬೇರೆ ಯಾವುದೋ ಊರಿನಲ್ಲಿ ಆಗುತ್ತಿರುವ ಹಾಗಿತ್ತು. ಆದರೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಎಲ್ಲ ಕಾಲೂ ಒಂದೇ ಸಲ ನೆಲಕ್ಕೆ ಬೀಳುತ್ತಿದ್ದವು. ಧೂಳು ಒಟ್ಟಿಗೇ ಏಳುತ್ತಿತ್ತು. ಚೆನ್ನಾಗಿ ಬಾರಿಸುತ್ತಿದ್ದಾರೆ ಅಂತ ಅದರಲ್ಲೇ ಗೊತ್ತಾಯಿತು. ಸಂತೋಷವೂ ಆಯಿತು, ಆ ಸಂತೋಷವನ್ನು ಹೇಳಿಕೊಳ್ಳಲು ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ಅಂತಲೂ ಅನಿಸಿತು. ಡ್ರಮ್ಮಿನ ಕೋಣೆಯ ಬೀಗದ ಕೈಯನ್ನು ಅಂದೇ ಯಶೋದಮ್ಮನವರಿಗೆ ಕೊಟ್ಟುಬಿಟ್ಟೆ.

ನಿಮ್ಮ ಅತ್ತೆ ಮಾವನವರಿಗೆ ನನ್ನ ಶರಣು ತಿಳಿಸು. ಅಳಿಯಂದಿರಿಗೂ ತಿಳಿಸು. ನಿನಗೆ ಒಳ್ಳೆಯದಾಗಲಿ ತಾಯಿ, ನಿನ್ನ ಅವ್ವನ ಹರಕೆಯೂ ನನ್ನ ಹರಕೆಯೂ ನಿನ್ನ ತಲೆಯ ಮೇಲಿರಲಿ.

ಇಂತು ನಿನ್ನ ಅಪ್ಪ,
ಪುಟ್ಟಮಲ್ಲಪ್ಪ

ವಿ.ಸೂ.: ಕಾಗದ ಮಡಿಚಿದವನು ಮತ್ತೆ ಬಿಚ್ಚಿದೆ. ಮಕ್ಕಳಾಗಲಿಲ್ಲವೆಂದು ಅಳಿಯಂದಿರಿಗೆ ಬೇರೆ ಹೆಣ್ಣು ನೋಡುತ್ತಿದ್ದಾರೆ, ನಾನು ಊರಿಗೆ ಬಂದುಬಿಡಲಾ ಅಪ್ಪ ಅಂತ ನೀನು ಬರೆದಿದ್ದೆ. ಓದಿದ ದಿನವೇ ಬಾ ಅಂತ ಬರೆಯಬೇಕೆನಿಸಿತ್ತು. ಅಷ್ಟರಲ್ಲಿ ಚಾಮರಾಜನಗರದ್ದು ಆಯಿತು. ಕಿವಿ ಹೋದ ಮುದುಕ ತನ್ನ ಆಸರೆಗೆ ಮಗಳನ್ನು ಗಂಡನ ಮನೆಯಿಂದ ಬಿಡಿಸಿ ಕರೆಸಿಕೊಂಡ ಅಂತ ಆಗಬಾರದು ಎಂದು ಕಾದೆ. ಈಗ ಡ್ರಮ್ಮಿಗೆ ಬೇರೆಯವರಿದ್ದಾರೆ, ಅಡುಗೆಯೂ ನನಗೆ ಬರುತ್ತದೆ, ನೀನು ಬಂದು ಇಲ್ಲಿ ಯಾವ ಕೆಲಸವನ್ನೂ ಮಾಡಬೇಕಾಗಿಲ್ಲ. ನಿನಗಾಗಿಯೇ ಬಾ. ಈ ಕಾಗದವನ್ನು ಅಲ್ಲಿ ಯಾರು ಓದಿದರೂ ಓದಲಿ. ಹೊರಟ ಮೇಲೆ ಯಾವ ಬಸ್ಸು ಸಿಕ್ಕಿದರೂ ಹತ್ತು. ಬಂದವಳು ಕದ ತಟ್ಟುತ್ತಾ ಬೀದಿಯಲ್ಲಿ ನಿಂತಿರಬೇಡ, ನನಗೆ ಕೇಳಿಸುವುದಿಲ್ಲ. ಚಿಲಕ ಹಾಕಿರುವುದಿಲ್ಲ, ತಳ್ಳಿಕೊಂಡು ಒಳಗೆ ಬಾ.