ನೀವು ಹಾಕಿಸಿದ ನುಣುಪು ತಗಡು

ಮಾನ್ಯ ಬೋಟು ತಪಾಸಣಾಧಿಕಾರಿಗಳೇ,

ನಮ್ಮ ಬೋಟಿನ ಎಂಜಿನ್ ಕೋಣೆಯ ಮೆಟ್ಟಿಲಿಗೆ ನುಣುಪು ಸ್ಟೀಲ್ ತಗಡು ಹೊದಿಸಿ ಎಂದವರು ನೀವು. ಆ ತಗಡಿನ ಮೇಲೆ ಜಾರಿ ನನ್ನ ಗಂಡ ವಿಠಲರು ಬಲಗೈ ಕಳೆದುಕೊಂಡ ಮೇಲೆ, ಹಾಗೆ ಹೇಳಿಯೇ ಇಲ್ಲ ಎಂದವರೂ ನೀವೇ. ನಡುವೆ ನಡೆದದ್ದು ತಮಗೆ ಮರೆತಿರಬಹುದು. ದೊಡ್ಡವರಿಗೆ ನೂರು ಕೆಲಸ. ಆದ್ದರಿಂದ ಈ ಬಹಿರಂಗ ಪತ್ರ ಬರೆದು ಊರಿನ ಎದುರಿಗೇ ನೆನಪಿಸುತ್ತಿದ್ದೇನೆ.

ಕಳೆದ ಮಳೆಗಾಲದ ಮೀನುಗಾರಿಕೆ ರಜೆಯಲ್ಲಿ ಬೋಟನ್ನು ಉದ್ಯಾವರದ ಹೊಳೆಬದಿಗೆ ಎಳೆದು ರಿಪೇರಿಗೆ ಇಟ್ಟಿದ್ದೆವು. ಎಂಜಿನ್ ಕೋಣೆಗೆ ಇಳಿಯುವ ಮರದ ಮೆಟ್ಟಿಲು ಡೀಸೆಲ್ ಕುಡಿದು ಮೆತ್ತಗಾಗಿತ್ತು. ಅದಕ್ಕೆ ಚೆಕರ್ ಪ್ಲೇಟ್ ಹಾಕಿಸುವುದೆಂದು ಇವರ ಲೆಕ್ಕ. ನಮ್ಮ ಉಡುಪಿಯ ಬಸ್ಸುಗಳ ಮೆಟ್ಟಿಲಲ್ಲಿ ಇರುತ್ತದಲ್ಲ, ಗೀರುಗೀರಾಗಿ ಉಬ್ಬಿದ ತಗಡು, ಅದೇ. ನೀವು ಬಂದು ನೋಡಿದಿರಿ.

"ಅದು ಬೇಡ ಮನೋರಮಕ್ಕ. ಸಂದಿಯಲ್ಲಿ ಎಣ್ಣೆ ಕೂತುಕೊಳ್ತದೆ, ಬೆಂಕಿಯ ಭಯ ಉಂಟು. ನುಣುಪಿನದ್ದು ಹಾಕಿ, ಒಮ್ಮೆ ಒರೆಸಿದರೆ ಆಯ್ತು."

"ಜಾರುವುದಿಲ್ವಾ ಸರ್?" ಎಂದರು ಇವರು.

"ಒರೆಸಿದ ಮೇಲೆ ಎಂತ ಜಾರುವುದು ಮಾರಾಯ? ಚೆಕರ್ ಪ್ಲೇಟ್ ಕಂಡರೆ ಬೋಟು ಕಡಲಿಗಿಳಿಸುವ ಪತ್ರಕ್ಕೆ ನಾನು ಸಹಿ ಹಾಕುವುದಿಲ್ಲ."

ಹಾಕಿಸಿದೆವು. ಮರುವಾರ ನೀವು ಬೇರೆ ಬೋಟಿನವರನ್ನೂ ಕರೆತಂದು, ಮೆಟ್ಟಿಲೆಂದರೆ ಹೀಗಿರಬೇಕು ಎಂದು ತೋರಿಸಿದಿರಿ. ನಾನು ಹೆಮ್ಮೆಯಿಂದ ಎಲ್ಲರಿಗೂ ಚಹಾ ಕೊಟ್ಟೆ.

ದೀಪಾವಳಿಗೆ ಮುಂಚೆ, ಕಾಪುವಿನ ಆಚೆ ಸಮುದ್ರದಲ್ಲಿ ಡೀಸೆಲ್ ಪೈಪು ಒಡೆಯಿತು. ಎಂಜಿನ್ ನಿಲ್ಲಿಸಲು ಇವರು ಕೆಳಗೆ ಓಡಿದರು. ಬೋಟು ಓಲಾಡುತ್ತಿರುವಾಗ, ಚಿಮ್ಮುವ ಡೀಸೆಲನ್ನು ಮೊದಲು ಒರೆಸಿ ಆಮೇಲೆ ಕಾಲಿಡಬೇಕೆಂಬ ತಮ್ಮ ಉಪದೇಶ ಪಾಲಿಸಲು ಪುರುಸೊತ್ತಾಗಲಿಲ್ಲ, ಕ್ಷಮಿಸಬೇಕು. ಕಾಲು ಜಾರಿತು. ಆಸರೆಗೆ ಚಾಚಿದ ಕೈ ತಿರುಗುವ ಬೆಲ್ಟಿಗೆ ಸಿಕ್ಕಿತು. ನಮ್ಮ ಬೋಟಿನಲ್ಲಿ ದುಡಿಯುವ ಕೊಪ್ಪಳದ ಯಮನೂರ ತನ್ನ ಟವೆಲನ್ನು ತೋಳಿಗೆ ಬಿಗಿದು ಇವರನ್ನು ದಡಕ್ಕೆ ಮುಟ್ಟಿಸಿದ. ಮಣಿಪಾಲದಲ್ಲಿ ಜೀವ ಉಳಿಯಿತು, ಕೈ ಉಳಿಯಲಿಲ್ಲ.

ನೀವು ಆಸ್ಪತ್ರೆಗೂ ಬಂದಿರಿ. "ತಗಡು ಹಾಕಿಸಿದ್ದು ನಾನು ಅಂತ ತನಿಖೆಯಲ್ಲಿ ನಾನೇ ಹೇಳ್ತೇನೆ ಅಕ್ಕ. ನಾನುಂಟು" ಎಂದಿರಿ. ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ನನಗೆ ಆಗ ಬಂತು. ನಮ್ಮ ಪರವಾಗಿ ಒಬ್ಬರಿದ್ದಾರೆಂಬ ನೆಮ್ಮದಿಗೆ ಬಂದ ಅಳು ಅದು.

ತನಿಖೆಯ ದಿನ ನೀವು ಮೇಜನ್ನು ನೋಡುತ್ತ ಹೇಳಿದಿರಿ: "ಮಾಲೀಕರು ಸ್ವಂತ ಇಚ್ಛೆಯಿಂದ ಮಾಡಿಕೊಂಡ ಮಾರ್ಪಾಡು."

ಯಮನೂರ ಎದ್ದು ನಿಂತ. "ಸುಳ್ಳ್ಯಾಕ ಹೇಳ್ತೀರಿ ಸಾಹೇಬ್ರ? ನಾನೂ ಅಲ್ಲೇ ಇದ್ದೆನಲ್ರೀ!" ಅವನನ್ನು ಹೊರಗೆ ಕಳಿಸಲಾಯಿತು. ಮನೆಗೆ ಬಂದ ಮೇಲೆ ನನ್ನ ಗಂಡ ಇಷ್ಟೇ ಅಂದರು, "ಅವರು ಒಮ್ಮೆ ನನ್ನ ಮುಖ ನೋಡಬಹುದಿತ್ತು." ಅಂದಿನಿಂದ ಇವರು ಬೋಟಿನ ಕಡೆಗೆ ಹೋಗಿಲ್ಲ. ಕೈ ತೆಗೆದದ್ದು ಬೆಲ್ಟು ಎನ್ನೋಣ. ಇದನ್ನು ಮಾಡಿದ್ದು ಯಾವ ಯಂತ್ರ, ಸ್ವಾಮಿ?

ನಮ್ಮ ಬೋಟಿನ ತಗಡನ್ನು ಕೀಳಿಸಿ ಚೆಕರ್ ಪ್ಲೇಟ್ ಹಾಕಿಸಿದ್ದೇನೆ. ಆದರೆ ಅಂದು ನೀವು ಕರೆತಂದವರ ಬೋಟುಗಳಲ್ಲಿ ಇನ್ನೂ ಅದೇ ನುಣುಪು ಸ್ಟೀಲು. ಒಂದೊಂದೇ ಬೋಟು ಹತ್ತಿ ಹೇಳಿ ಬಂದೆ. ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ಅವರಲ್ಲೊಬ್ಬ ಮಾಲೀಕರಾದ ಟ್ರೆವರ್ ತಲೆ ತಗ್ಗಿಸಿ ಅಂದರು, "ತೆಗೆದರೆ ಅವರು ಸಹಿ ಹಾಕುವುದಿಲ್ಲ ಅಲ್ವಾ ಅಕ್ಕ?" ತೂಫಾನಿಗೆ ಹೆದರದವರು ನಿಮ್ಮ ಪೆನ್ನಿಗೆ ಹೆದರುತ್ತಿದ್ದಾರೆ.

ನನಗಾಗಿ ಏನೂ ಕೇಳುವುದಿಲ್ಲ. ಬೋಟುಗಳು ಬಂದು ನಿಲ್ಲುವ ಮಲ್ಪೆಯ ಧಕ್ಕೆಗೆ ಬನ್ನಿ. ಬೋಟಿನವರೆಲ್ಲರ ಎದುರು, "ಇದನ್ನು ಹಾಕಿಸಿದವನು ನಾನು, ಈಗಲೇ ಕಿತ್ತುಹಾಕಿ" ಎಂದು ನಿಮ್ಮ ಬಾಯಿಂದಲೇ ಹೇಳಿ. ನಾನು ಹೇಳಿದರೆ ಅವರು ಮರುಗುತ್ತಾರೆ, ಅಷ್ಟೆ. ನೀವು ಹೇಳಿದರೆ ಬದುಕುತ್ತಾರೆ.

ಇಂತಿ,
ನಿಮ್ಮನ್ನು ನಂಬುವ ಚಾಳಿ ಇನ್ನೂ ಪೂರ್ತಿ ಬಿಡದ
ಮನೋರಮಾ
ಉದ್ಯಾವರ