ಸೊಸೆಯ ಕಾಲ್ಗುಣ ಮತ್ತು ಮೂರನೇ ಸ್ಥಾನ

ಶಿಯೋಹಾಮ
ಸೆಪ್ಟೆಂಬರ್ ೨೬, ಶನಿವಾರ

ಪ್ರೀತಿಯ ಸೊಸೆ ಹೊನಾಮಿಗೆ,

ಹೇಗಿದ್ದೀಯಮ್ಮಾ? ಸೊಂಟದ ನೋವು ಕಡಿಮೆಯಾಯಿತೇ? ಪುಟ್ಟ ರಿಂಕಾ ನಿದ್ದೆ ಮಾಡಲು ಬಿಡುತ್ತಾಳೆಯೇ, ಇಲ್ಲ ತಾತನ ಹಾಗೆ ಗಂಟಲು ಕಿತ್ತುಹೋಗುವಂತೆ ಕೂಗುತ್ತಾಳೆಯೇ? ಹಾಲು ಸಾಕಾಗುತ್ತಿದೆಯೇ ಎಂದು ಕೇಳಲು ನಿನ್ನ ಅತ್ತೆ ಫುಮಿಯೆ ಹೇಳಿದ್ದಾಳೆ. ಗಂಡಸು ಕೇಳುವ ಮಾತಲ್ಲ, ಆದರೂ ಅವಳು ಪಕ್ಕದಲ್ಲೇ ಕೂತು ಕಾಗದ ನೋಡುತ್ತಿರುವುದರಿಂದ ಬರೆದಿದ್ದೇನೆ. ಜುಲೈನಲ್ಲಿ ನಿನ್ನ ತಂದೆ ಓಕಾಯಾಮದಿಂದ ಕಳಿಸಿದ ಪೀಚ್ ಹಣ್ಣುಗಳನ್ನು ನನ್ನ ಅಂಗಡಿಗೆ ಕ್ಷೌರಕ್ಕೆ ಬಂದವರಿಗೆಲ್ಲ ಹಂಚಿದೆ. ಹಣ್ಣಿನ ಆಸೆಗೆ ತಲೆಯಲ್ಲಿ ಕೂದಲಿಲ್ಲದವರೂ ಬಂದು ಕುರ್ಚಿಯ ಮೇಲೆ ಕೂತರು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನನ್ನ ದನಿ ಜಗಳಕ್ಕೆ ಬಂದವನ ಹಾಗಿರುತ್ತದೆ ಎಂದು ಫುಮಿಯೆ ಹೇಳುತ್ತಾಳೆ. ಈಗ ಹೇಳಬೇಕಾದ ಮಾತಿಗೆ ಆ ದನಿ ಸಲ್ಲದು.

ಮೊದಲು ಊರಿನ ಸುದ್ದಿ. ನಮ್ಮ ಬೇಸ್‌ಬಾಲ್ ತಂಡ ಸೀಗಲ್ಸ್ ಮೂರನೇ ಸ್ಥಾನದಲ್ಲಿದೆ. ನಾಲ್ಕನೆಯವರಿಗೂ ನಮಗೂ ಕೂದಲೆಳೆಯಷ್ಟು ಅಂತರ. ಆರು ತಂಡಗಳಲ್ಲಿ ಮೊದಲ ಮೂರಕ್ಕೆ ಮಾತ್ರ ಮುಂದಿನ ಸುತ್ತು. ನಾವು ಅಲ್ಲಿಗೆ ಹೋಗಿ ಹತ್ತೊಂಬತ್ತು ವರ್ಷವಾಯಿತು. ಊರಿಗೆ ಹುಚ್ಚು ಹಿಡಿದಿದೆ ತಾಯಿ. ಮೀನಂಗಡಿಯ ಹೊರಿಯುಚಿ, ಅದೇ ನಮ್ಮ ಅಭಿಮಾನಿ ಬಳಗದಲ್ಲಿ ತುತ್ತೂರಿ ಊದುವವನು, ಏಪ್ರಿಲ್‌ನಿಂದ ಒಂದೇ ಕಾಲುಚೀಲವನ್ನು ಒಗೆಯದೆ ಹಾಕುತ್ತಿದ್ದಾನೆ. ಅವನಿಗೆ ಕ್ಷೌರ ಮಾಡುವಾಗ ನಾನು ಕಿಟಕಿ ತೆರೆದಿಡುತ್ತೇನೆ. ಪೋಸ್ಟ್ ಆಫೀಸಿನ ಮುದುಕಿಯರು ಕೂಡ ಎಡಗೈಯಲ್ಲಿ ಚೆಂಡೆಸೆಯುವ ಪಿಚ್ಚರ್ ನೆಮೊಟೊನ ಭುಜದ ಉಳುಕಿನ ಬಗ್ಗೆ ಡಾಕ್ಟರರ ಹಾಗೆ ಮಾತಾಡುತ್ತಾರೆ. ನೀನು ಸ್ಕೋರ್ ನೋಡುತ್ತಿಲ್ಲ ಎಂದು ನನಗೆ ಗೊತ್ತು, ಅದಕ್ಕೇ ಇಷ್ಟು ವಿವರವಾಗಿ ಬರೆದೆ. ಯಾಕೆ ನೋಡುತ್ತಿಲ್ಲ ಎನ್ನುವುದೂ ಕಳೆದ ಭಾನುವಾರ ಗೊತ್ತಾಯಿತು.

ಶುಂಜಿ ನಿನ್ನನ್ನೂ ಮಗುವನ್ನೂ ನೋಡಿಕೊಂಡು ವಾಪಸ್ ಬಂದವನು ಬೂಟು ಬಿಚ್ಚುತ್ತಲೇ ಹೇಳಿದ: "ಅಪ್ಪಾ, ನಮ್ ಮ್ಯಾಚ್ ಬಂದ್ರೆ ಅವಳು ಟೀವಿ ಆರಿಸ್ತಾಳೆ. ತನ್ನ ಕಣ್ಣು ಬಿದ್ರೆ ನೀವು ಸೋಲ್ತೀರಂತೆ." ಮೊದಲು ನಾನು ನಕ್ಕೆ. ಅವನು ನಗಲಿಲ್ಲ. "ಪಂದ್ಯಾವಳಿ ಮುಗಿಯೋವರೆಗೂ ಬರಲ್ಲ ಅಂದ್ಳು. ನೀವೇ ಬರೆದು ಕಳಿಸಿದ್ದಲ್ವಾ?" ಎಂದು ಒಳಗೆ ಹೋಗಿಬಿಟ್ಟ. ನನ್ನ ಮಗ ನನ್ನೊಡನೆ ಅಷ್ಟು ತಣ್ಣಗೆ ಎಂದೂ ಮಾತಾಡಿರಲಿಲ್ಲ. ಅವನು ಹೇಳಿದ್ದು ಸುಳ್ಳೂ ಆಗಿರಲಿಲ್ಲ.

ಹೊಸ ವರ್ಷದ ಊಟದ ದಿನ ನಿನಗೂ ನೆನಪಿದೆ, ನನಗೂ ನೆನಪಿದೆ. ಬಳಗದವರೆಲ್ಲ ಮನೆಗೆ ಬಂದಿದ್ದರು, ಹೊಟ್ಟೆಯೊಳಗೆ ಸಾಕೆ ಮದ್ಯ ಇಳಿದಿತ್ತು. ತಂಡ ಸತತ ಆರನೇ ಸಲ ಕೊನೆಯ ಸ್ಥಾನದಲ್ಲಿ ಮುಗಿಸಿದ ಸಂಕಟ ಬೇರೆ. ನಾನು ನಿನ್ನ ಕಡೆ ಕೈ ತೋರಿಸಿ, "ಈ ಹುಡುಗಿ ನಮ್ಮ ಹೊಸ್ತಿಲು ತುಳಿದೂ ಆರು ವರ್ಷ ಆಯ್ತು ನೋಡ್ರಪ್ಪಾ, ಏನ್ ಕಾಲ್ಗುಣವೋ" ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನೀನೂ ನಕ್ಕು ನನ್ನ ಬಟ್ಟಲು ತುಂಬಿಸಿದೆ. ಫುಮಿಯೆ ಮಾತ್ರ ನಗಲಿಲ್ಲ. ಎಲ್ಲರೂ ಹೋದ ಮೇಲೆ, "ಬ್ಯಾಟು ಬೀಸಕ್ ಬರದೇ ಇರೋರು ಅವ್ರು, ಬೈಸಿಕೊಳ್ಳೋದು ನಮ್ಮ ಸೊಸೆನಾ?" ಎಂದಳು. ತಮಾಷೆಗೆ ಅಂದದ್ದು ಎಂದು ನಾನು ಮುಸುಕೆಳೆದು ಮಲಗಿದೆ.

ಜೂನ್‌ನಲ್ಲಿ ಡಾಕ್ಟರು ನಿನಗೆ ಪೂರ್ತಿ ವಿಶ್ರಾಂತಿ ಬೇಕು ಎಂದರು, ನೀನು ಬೇಗನೆ ತವರಿಗೆ ಹೊರಟೆ. ಹಾಳಾದ ನಮ್ಮ ತಂಡ ಅದೇ ವಾರ ಗೆಲ್ಲಲು ಶುರು ಮಾಡಬೇಕೇ? ಒಂಬತ್ತು ಪಂದ್ಯ ಒಂದೇ ಸಮನೆ. ಅಂಗಡಿಯಲ್ಲಿ ಬಾಯಿಗೆ ಬಂದ ಹಾಗೆ ಮಾತು. "ತೊಕುಜಿ ಅಣ್ಣಾ, ಸೊಸೇನ ಅಲ್ಲೇ ಇಟ್ಕೊಳ್ಳೋಕೆ ಬೀಗರಿಗೆ ಹೇಳ್ರಿ" ಎಂದು ಒಬ್ಬ, "ಹೆರಿಗೆ ಆದ್ಮೇಲೆ ಬಾಣಂತನ ಅಕ್ಟೋಬರ್ ತಂಕ ಎಳೀರಿ" ಎಂದು ಇನ್ನೊಬ್ಬ. ನನಗೂ ಹುಮ್ಮಸ್ಸು. ಆಗಸ್ಟ್‌ನಲ್ಲಿ ರಿಂಕಾ ಹುಟ್ಟಿದಾಗ ಬಳಗದ ಇಪ್ಪತ್ಮೂರು ಜನ ಒಂದೇ ರಟ್ಟಿನ ಮೇಲೆ ಸುತ್ತಲೂ ಹಾರೈಕೆ ಬರೆದು ಕಳಿಸಿದೆವಲ್ಲ, ನಟ್ಟನಡುವಿನ ಜಾಗವನ್ನು ಹಿರಿಯನೆಂದು ನನಗೆ ಬಿಟ್ಟಿದ್ದರು. ನಾನು ದಪ್ಪ ಕುಂಚದಲ್ಲಿ ಬರೆದದ್ದು, "ಕೊನೆಯ ಪಂದ್ಯದವರೆಗೂ ಅಲ್ಲೇ ಇರು, ನಮ್ಮನ್ನು ಗೆಲ್ಲಿಸು." ಹೆತ್ತು ಮೂರು ದಿನವಾದ ಹುಡುಗಿಗೆ ಮಾವ ಬರೆಯುವ ಮಾತೇ ಇದು? ಈಗ ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತಿದೆ.

ನೀನು ನನ್ನ ಮಾತನ್ನು ಅಕ್ಷರಶಃ ಪಾಲಿಸಿದೆ. ಮಗುವಿಗೆ ತಿಂಗಳು ತುಂಬಿದ ದಿನ ದೇಗುಲಕ್ಕೆ ಕರೆದೊಯ್ಯಬೇಕಿತ್ತು, ಪದ್ಧತಿಯಂತೆ ಅಪ್ಪನ ತಾಯಿ ಎತ್ತಿಕೊಂಡು ಹೋಗಬೇಕಿತ್ತು. ಫುಮಿಯೆ ಪೆಟ್ಟಿಗೆಯಿಂದ ಒಳ್ಳೆಯ ಕಿಮೊನೊ ತೆಗೆದು ಎರಡು ದಿನ ಗಾಳಿಗೆ ಹಾಕಿದ್ದಳು. ಇಪ್ಪತ್ತೊಂದನೇ ತಾರೀಕು ಕಳೆದ ಮೇಲೆ ಮಡಿಸಿ ಒಳಗಿಟ್ಟಳು. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಒಂದು ಗುಟ್ಟು ಹೇಳುತ್ತೇನೆ, ಬಳಗದವರಿಗೆ ಗೊತ್ತಾದರೆ ನನ್ನ ಡೋಲು ಕಿತ್ತುಕೊಳ್ಳುತ್ತಾರೆ. ಈ ತಿಂಗಳ ಮೊದಲಲ್ಲಿ ನಾವು ಐದು ಪಂದ್ಯ ಸೋತೆವು, ಸಾಲಾಗಿ, ನಮ್ಮದೇ ಅಂಗಳದಲ್ಲಿ. ಅಂಗಡಿ ಸೂತಕದ ಮನೆಯಾಗಿತ್ತು. ಹೊರಿಯುಚಿ ಕನ್ನಡಿ ನೋಡಿಕೊಂಡು ಕಣ್ಣೊರೆಸಿಕೊಂಡ. ನಾನು ಟವೆಲ್ ಮಡಿಸುತ್ತಾ ಗುನುಗುತ್ತಿದ್ದೆ. ಮೂವತ್ತೊಂದು ವರ್ಷ ಆ ತಂಡಕ್ಕಾಗಿ ಡೋಲು ಬಾರಿಸಿದವನು, ಸೋತ ದಿನ ಗುನುಗುತ್ತಿದ್ದೇನೆ! ಯಾಕೆಂದು ಆಗ ನನಗೇ ತಿಳಿಯಲಿಲ್ಲ. ಶುಂಜಿ ಹೇಳಿದ ಮೇಲೆ ತಿಳಿಯಿತು. ನೀನು ಇಲ್ಲದೆಯೂ ನಾವು ಸೋಲುತ್ತೇವೆ ಎಂದು ಒಳಗೆಲ್ಲೋ ನೆಮ್ಮದಿಯಾಗಿತ್ತು ತಾಯಿ.

ಮೊನ್ನೆ ಬುಧವಾರ ಅಭ್ಯಾಸಕ್ಕೆ ಎಲ್ಲರೂ ಸೇರಿದಾಗ ಎದ್ದು ನಿಂತು ಹೇಳಿಬಿಟ್ಟೆ. ಈ ವರ್ಷ ಗೆದ್ದದ್ದು ಹೊಸ ಮ್ಯಾನೇಜರ್ ಹುಡುಗರನ್ನು ಮರಳಿನ ಮೇಲೆ ಓಡಿಸಿದ್ದರಿಂದ, ನೆಮೊಟೊನ ಎಡಗೈಯಿಂದ. ಅದಕ್ಕೆ ಮೊದಲು ಸೋತದ್ದು ಒಬ್ಬನೇ ಒಬ್ಬ ಒಳ್ಳೆಯ ಪಿಚ್ಚರ್ ಇಲ್ಲದ್ದರಿಂದ. "ನನ್ ಸೊಸೆ ಹುಟ್ಟೋಕ್ ಮುಂಚೆನೇ ನಾವು ಸೋಲ್ತಾ ಇದ್ವು ಕಣ್ರೋ. ಇನ್ಮೇಲೆ ಕಾಲ್ಗುಣ ಅಂತ ಯಾರಾದ್ರೂ ಬಾಯಿ ಬಿಟ್ರೆ, ಅವ್ನ ಅರ್ಧ ತಲೆ ಮಾತ್ರ ಬೋಳಿಸಿ ಕಳಿಸ್ತೀನಿ" ಎಂದೆ. ಎಲ್ಲರೂ ತಂತಮ್ಮ ತಲೆ ಮುಟ್ಟಿ ನೋಡಿಕೊಂಡರು. ಕತ್ತಿ ಹಿಡಿಯುವವನ ಮಾತಿಗೆ ಒಂದು ತೂಕವಿದೆ. ಮನೆಗೆ ಬಂದಾಗ ಆರು ವರ್ಷದ ಭಾರ ಇಳಿದ ಹಾಗಾಗಿತ್ತು, ಆದರೆ ಹೇಳಬೇಕಾದವಳಿಗೇ ಇನ್ನೂ ಹೇಳಿರಲಿಲ್ಲ.

ಈಗ ಹೇಳುತ್ತೇನೆ. ತಪ್ಪು ನನ್ನದು, ಕ್ಷಮಿಸು. ನಿನ್ನ ಹೆಜ್ಜೆಯಿಂದ ಈ ಮನೆಗೆ ಒಳ್ಳೆಯದಲ್ಲದೆ ಬೇರೇನೂ ಬಂದಿಲ್ಲ. ಆಸ್ಪತ್ರೆಯಿಂದ "ತಾಯಿ ಮಗು ಇಬ್ಬರೂ ಕ್ಷೇಮ" ಎಂದು ನಿನ್ನ ತಂದೆ ಫೋನ್ ಮಾಡಿದಾಗ ನಾನು ಗಿರಾಕಿಯ ಕೆನ್ನೆಗೆ ಸೋಪು ಹಚ್ಚಿ ಹಾಗೇ ಮರೆತು ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅಂದು ಸೀಗಲ್ಸ್ ಗೆದ್ದಿತೋ ಸೋತಿತೋ ನನಗೆ ಇವತ್ತಿಗೂ ನೆನಪಿಲ್ಲ.

ನಿನ್ನ ತಂದೆತಾಯಿಗೆ ನನ್ನ ನಮಸ್ಕಾರ. ರಿಂಕಾಳ ನೆತ್ತಿಗೆ ತಾತನ ಮುತ್ತು. ಇಬ್ಬರೂ ಹೊಟ್ಟೆ ತಂಪಾಗಿ, ನೂರು ಕಾಲ ಬಾಳಿ.

ನಿನ್ನ ಮಾವ,
ತೊಕುಜಿ

ಮರೆತ ಮಾತು: ಕೊನೆಯ ಪಂದ್ಯ ನಾಳೆಯಲ್ಲ, ಅದರಾಚೆಯ ಭಾನುವಾರ, ಅಕ್ಟೋಬರ್ ನಾಲ್ಕನೇ ತಾರೀಕು, ಇಲ್ಲೇ, ಮಧ್ಯಾಹ್ನ ಎರಡಕ್ಕೆ. ಗೆದ್ದರೆ ಮುಂದಿನ ಸುತ್ತು, ಸೋತರೆ ಏನೂ ಇಲ್ಲ. ಹೊರಿಯುಚಿ ಈಗಷ್ಟೇ ಬಂದು ಹೋದ. "ಅಣ್ಣಾ, ನಾನೇನೂ ಅಂತಿಲ್ಲ, ಆದ್ರೂ ಸೊಸೆ ಸೋಮವಾರ ಬರ್ಲಿ, ನಾನೇ ಕಾರಲ್ಲಿ ಕರ್ಕೊಂಡ್ ಬರ್ತೀನಿ" ಎಂದ. ಅವತ್ತು ನೀನೇ ಬಾರಿಸು ಎಂದು ಡೋಲಿನ ಕೋಲುಗಳನ್ನು ಅವನ ಕೈಗೇ ಕೊಟ್ಟು ಕಳಿಸಿದೆ. ನೀನು ಸೋಮವಾರ ಬರಬೇಡ, ಭಾನುವಾರವೇ ಬಾ. ಓಕಾಯಾಮದ ರೈಲು ಇಲ್ಲಿಗೆ ಎರಡು ಗಂಟೆ ಐದು ನಿಮಿಷಕ್ಕೆ ಬರುತ್ತದೆ. ನಾನೂ ಫುಮಿಯೆಯೂ ಪ್ಲಾಟ್‌ಫಾರ್ಮಿನಲ್ಲಿ ಇರುತ್ತೇವೆ, ಅವಳು ಕಿಮೊನೊ ಉಟ್ಟಿರುತ್ತಾಳೆ. ಸ್ಟೇಷನ್‌ನಿಂದ ನೇರ ದೇಗುಲಕ್ಕೆ. ತಂಡ ಸೋತರೆ ಸೋಲಲಿ; ಅದು ನಮಗೆ ಅಭ್ಯಾಸವಾಗಿದೆ, ನೀನಿಲ್ಲದ ಮನೆ ಅಭ್ಯಾಸವಾಗಲಿಲ್ಲ.