ಆರನೆಯ ಕಾರಣ

ಅಪ್ಪ,

ತೀರ್ಥರೂಪು, ಸಾಷ್ಟಾಂಗ ಅಂತೆಲ್ಲ ಬರೆಯುವುದಿಲ್ಲ. ನೀವಿದ್ದಾಗ ಬೇಕಾದಷ್ಟು ಬರೆದಾಗಿದೆ. ನೀವು ಹೋಗಿ ಮೂರು ತಿಂಗಳಾಯಿತು, ಇಲ್ಲಿ ಐರ್ಲೆಂಡಿನ ಕಿಲ್ಕೆನ್ನಿಯಲ್ಲಿ ಇನ್ನೂ ಲಾಕ್‌ಡೌನ್ ಮುಗಿದಿಲ್ಲ. ಸತ್ತವರ ಮೇಲೆ ಕೋಪ ಇಟ್ಟುಕೊಳ್ಳಬಾರದು ಅಂತಾರೆ. ನನಗಿನ್ನೂ ಇದೆ, ಅದಕ್ಕೇ ಈ ಕಾಗದ.

ನನ್ನ ಒಂಬತ್ತನೇ ಕ್ಲಾಸು ನೆನಪಿದೆಯಾ? ನೀವೇ ನಮ್ಮ ಹಿಸ್ಟರಿ ಮೇಷ್ಟ್ರು. ಸ್ಪೇನಿನಿಂದ ಬಂದ ಕೆಲವೇ ನೂರು ಜನ ಅಷ್ಟು ದೊಡ್ಡ ಅಜ್ಟೆಕ್ ರಾಜ್ಯವನ್ನು ಹೇಗೆ ಸೋಲಿಸಿದರು? ಐದು ಅಂಕದ ಪ್ರಶ್ನೆ, ಆದ್ದರಿಂದ ಐದೇ ಪಾಯಿಂಟು. ಬಂದೂಕು, ಕುದುರೆ, ಉಕ್ಕಿನ ಕತ್ತಿ, ಸಿಡುಬು, ಮೂಢನಂಬಿಕೆ. ನಾನು ಲೈಬ್ರರಿ ಪುಸ್ತಕ ಓದಿ ಆರನೆಯದೊಂದು ಸೇರಿಸಿದೆ: ಅಕ್ಕಪಕ್ಕದ ರಾಜ್ಯದವರೇ ಸ್ಪೇನಿನವರ ಜೊತೆ ಸೇರಿದರು. ನೀವು ಅದರ ಮೇಲೆ ಕೆಂಪು ಗೀಟು ಎಳೆದು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದಿರಿ. "ಮೇಷ್ಟ್ರ ಮಗಳು ಅಂತ ಕೊಂಬು ಬಂದಿದೆಯಾ? ನೋಟ್ಸಲ್ಲಿ ಇದೆಯಾ ಇದು?" ನಾನು ಬರೆದದ್ದು ತಪ್ಪಾ ಅಂತ ಮಾತ್ರ ನೀವು ಹೇಳಲೇ ಇಲ್ಲ.

ವೀಣಾ ಮನೆ ಬಿಟ್ಟ ದಿನವೂ ಪಾಯಿಂಟ್ ಹಾಕಿಯೇ ಮಾತಾಡಿದಿರಿ. ಒಂದು, ಈ ಹೊಸಿಲು ತುಳಿಯಕೂಡದು. ಎರಡು, ಅಮ್ಮನಿಗೆ ಫೋನ್ ಮಾಡಕೂಡದು. ಮೂರನೆಯದು ನನಗೆ: ಅವಳನ್ನು ತಂಗಿ ಅನ್ನಕೂಡದು. ಬೇರೆ ಜಾತಿಯವನನ್ನು ಮದುವೆಯಾದಳು, ಅಷ್ಟೇ ಅಲ್ಲವಾ ಅವಳು ಮಾಡಿದ್ದು? ಮೊದಲ ಹೆರಿಗೆಗೆ ಅವಳಿಗೆ ತವರಿರಲಿಲ್ಲ. ಎಣ್ಣೆ ಹಚ್ಚಿ ನೀರೆರೆಯುವವರಿಲ್ಲದೆ ಹದಿನೈದನೇ ದಿನಕ್ಕೇ ಬಟ್ಟೆ ಒಗೆಯುತ್ತಿದ್ದಳಂತೆ. ಅದೇ ಮೈಸೂರಿನಲ್ಲಿ, ನಾಲ್ಕು ಬಸ್ ಸ್ಟಾಪಿನಾಚೆ, ಅಮ್ಮ ನಿಮಗೆ ಕಾಫಿ ಬೆರೆಸಿ ಕೊಡುತ್ತಿದ್ದಳು. ಒಬ್ಬ ತಾಯಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇದೆಯಾ ಅಪ್ಪ?

ಹೋದ ವರ್ಷ ಸಂಕ್ರಾಂತಿಯ ಮಾರನೇ ದಿನ ಅಮ್ಮ ಪಕ್ಕದ ಮನೆಯಿಂದ ನನಗೆ ಫೋನ್ ಮಾಡಿದಳು. "ನಿಮ್ಮಪ್ಪನ್ನ ಒಂದ್ ಮೂರು ತಿಂಗಳು ಅಲ್ಲಿಗೆ ಕರೆಸ್ಕೊಳೇ. ವೀಣಾಗೆ ಮಾರ್ಚಲ್ಲಿ ಹೆರಿಗೆ. ಈ ಸಲ ಬಾಣಂತನ ಇದೇ ಮನೇಲಿ ಮಾಡ್ತೀನಿ. ಅವರಿದ್ರೆ ಆಗಲ್ಲ." ಆ ವಾರವೇ ನಿಮ್ಮ ವೀಸಾಕ್ಕೆ ಹಾಕಿದೆ. ಮಂಡಿ ನೋವು, ವಿಮಾನದಲ್ಲಿ ಅಷ್ಟು ಹೊತ್ತು ಕೂರಲಾರೆ ಅಂತ ಅಮ್ಮ ನೆಪ ಹೇಳಿದಳು. ದೊಡ್ಡ ಮಗಳು ನನ್ನನ್ನು ಬಿಟ್ಟಿರಲಾರಳು ಅಂತ ನೀವು ಬೀದಿಗೆಲ್ಲ ಹೇಳಿಕೊಂಡು ಬಂದಿರಿ. ಪಿತೂರಿ ಅಂತೀರಾ? ಹೌದು, ಪಿತೂರಿಯೇ. ನೀವು ವಿಮಾನ ಹತ್ತಿದ ಮಾರನೇ ದಿನ ವೀಣಾ ತುಂಬು ಬಸುರಿಯಾಗಿ, ದೊಡ್ಡ ಮಗನ ಕೈಹಿಡಿದು ನಿಮ್ಮ ಹೊಸಿಲು ದಾಟಿದಳು.

ವಿಮಾನಗಳು ನಿಂತು ನೀವು ಇಲ್ಲೇ ಸಿಕ್ಕಿಹಾಕಿಕೊಂಡಾಗ ಸ್ಕೂಲೂ ಮುಚ್ಚಿತ್ತು. ನನ್ನ ಮಗಳು ನಿತ್ಯಾಗೆ ಅಡುಗೆಮನೆ ಟೇಬಲ್ಲೇ ಕ್ಲಾಸು, ನೀವೇ ಮೇಷ್ಟ್ರು. ಅವಳ ಪ್ರಾಜೆಕ್ಟೂ ಅಜ್ಟೆಕ್ಕರ ಮೇಲೆ ಬರಬೇಕಾ! ನೀವು ಅದೇ ಐದು ಹೇಳಿ ಬರೆಸಿದಿರಿ. ಅವಳು ಆರನೆಯದನ್ನು ತಾನೇ ಬರೆದಳು. "ಬಟ್ ತಾತಾ, ದ ನೇಬರ್ಸ್ ಹೇಟೆಡ್ ದೆಮ್," ಅಂದಳು, ತನ್ನ ಐರಿಶ್ ರಾಗದಲ್ಲಿ. "ದೇ ಕುಡಂಟ್ ಈವನ್ ಗೆಟ್ ಸಾಲ್ಟ್." ನೀವು ಗದರಿಸಿದಿರಿ, "ಉಪ್ಪಿಗೋಸ್ಕರ ಯಾರಾದ್ರೂ ರಾಜ್ಯ ಬೀಳಿಸ್ತಾರಾ? ಅಳಿಸು." ನಾನೇನು ಮಾಡಿದೆ? "ಅಳಿಸು ಪುಟ್ಟಾ, ತಾತ ಹೇಳ್ತಿದಾರಲ್ಲ," ಅಂದೆ. "ಇಟ್ಸ್ ಗ್ರ್ಯಾಂಡ್, ಅಮ್ಮಾ," ಅಂತ ಅಳಿಸಿದಳು, ನನ್ನ ಮುಖ ನೋಡದೆ. ಪರವಾಗಿಲ್ಲ ಬಿಡು ಅನ್ನುವುದಕ್ಕೆ ಇಲ್ಲಿಯವರ ಮಾತು ಅದು. ನಲವತ್ತೆರಡು ವರ್ಷದ ಹೆಂಗಸು ನಾನು, ನಿಮ್ಮ ಮುಂದೆ ಇನ್ನೂ ಬೆಂಚಿನ ಮೇಲೇ ನಿಂತಿದ್ದೆ. ನಿಮ್ಮ ಮೇಲಿನದಕ್ಕಿಂತ ನನ್ನ ಮೇಲೇ ಅಸಹ್ಯ ಹೆಚ್ಚಾಯಿತು.

ಅವತ್ತು ನಿತ್ಯಾ ಅಳಿಸಿದ್ದನ್ನು ಈಗ ಕೇಳಿ, ಮಧ್ಯೆ ಬಾಯಿ ಹಾಕಲು ನಿಮಗಾಗುವುದಿಲ್ಲ. ತ್ಲಾಶ್ಕಾಲಾ ಅಂತ ಒಂದು ಸೀಮೆ. ಅಜ್ಟೆಕ್ಕರು ಅದನ್ನು ಸುತ್ತುವರಿದು ಉಪ್ಪು, ಹತ್ತಿ ಬರದಂತೆ ಕಟ್ಟಿದ್ದರು, ಸೆರೆಸಿಕ್ಕ ಗಂಡಸರನ್ನು ಬಲಿ ಕೊಡುತ್ತಿದ್ದರು. ಸ್ಪೇನಿನವರು ಬಂದಾಗ ಅಲ್ಲಿಯವರು ಮೊದಲು ಹೊಡೆದಾಡಿದರು, ಆಮೇಲೆ ಯೋಚಿಸಿ ಅವರ ಕಡೆ ಸೇರಿದರು. ಬಂದೂಕಿತ್ತು, ಇಲ್ಲ ಅನ್ನಲ್ಲ. ಸಿಡುಬು ಊರಿಗೆ ಊರನ್ನೇ ಮಲಗಿಸಿತು. ಆದರೆ ದಾರಿ ತೋರಿಸಿದವರು, ಅನ್ನ ಹಾಕಿದವರು, ಸಾವಿರ ಸಾವಿರ ಸಂಖ್ಯೆಯಲ್ಲಿ ಮುತ್ತಿಗೆಗೆ ನಿಂತವರು ಈ ನೊಂದವರೇ. ಮುಂದೆ ಅವರಿಗೂ ಒಳ್ಳೆಯದೇನೂ ಆಗಲಿಲ್ಲ, ಅದು ಬೇರೆ ಮಾತು. ಈ ಕಾರಣ ನಿಮಗೆ ಯಾಕೆ ಸೇರುತ್ತಿರಲಿಲ್ಲ ಗೊತ್ತಾ? ಬಂದೂಕಿಗೆ ಸೋತರೆ ಸೋತವನ ತಪ್ಪೇನೂ ಇಲ್ಲ. ಜೊತೆಯವರಿಗೇ ಸಾಕಾಗಿತ್ತು ಅಂದರೆ...

ಬೇಸಿಗೆಯಲ್ಲಿ ಭಾರತಕ್ಕೆ ವಿಶೇಷ ವಿಮಾನ ಬಿಟ್ಟಾಗ ನೀವು ಹೊರಟು ನಿಂತಿರಿ. ಈ ವಯಸ್ಸಿನಲ್ಲಿ ಬೇಡ ಅಂತ ತಡೆದವಳು ನಾನು. ನಿಮ್ಮ ವಯಸ್ಸಿಗೆ ಹೆದರಿ ಅಲ್ಲ ಅಪ್ಪ, ಬಾಣಂತನ ಮುಗಿದರೂ ಕೂಸು ಕಟ್ಟಿಕೊಂಡು ಅಮ್ಮನ ಜೊತೆಗೇ ಉಳಿದಿದ್ದ ವೀಣಾಳನ್ನು ನೀವು ಬೀದಿಗೆ ಹಾಕುತ್ತೀರಿ ಅಂತ. ಕ್ರಿಸ್‌ಮಸ್ ಆದ ಮೇಲೆ ನಿಮಗೆ ಜ್ವರ ಬಂತು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು ನಾನು, ಆ ಸೋಂಕು ತಂದವಳೂ ನಾನೇ ಇರಬಹುದು. ಅದಕ್ಕೆ ಕ್ಷಮೆ ಕೇಳುತ್ತೇನೆ. ತಡೆದದ್ದಕ್ಕೆ ಕೇಳಬೇಕೋ ಬೇಡವೋ, ಇನ್ನೂ ತಿಳಿಯುತ್ತಿಲ್ಲ. ಕರೆಸಿಕೊಂಡದ್ದಕ್ಕಂತೂ ಕೇಳುವುದಿಲ್ಲ.

ಕೊನೆಯ ಸಲ ವಾರ್ಡಿನ ನರ್ಸ್ ನಿಮ್ಮ ಮುಂದೆ ಟ್ಯಾಬ್ಲೆಟ್ ಹಿಡಿದಾಗ ನಾನೂ ಮನೆಯಿಂದ ಆ ಕಾಲ್‌ನಲ್ಲಿದ್ದೆ. ಮೈಸೂರಿನಿಂದ ಅಮ್ಮ. ಅವಳ ಹಿಂದೆ ಮಗು ಅಳುತ್ತಿತ್ತು. ಮಾಸ್ಕ್ ಹಾಕಿದ ಹೆಂಗಸೊಬ್ಬಳು ಬಾಗಿಲ ಹತ್ತಿರ ನಿಂತಿದ್ದಳು. "ಯಾರೇ ಅದು?" ಅಂತ ಕೇಳಿದಿರಿ. "ಪಕ್ಕದ ಮನೆಗೆ ಬಾಡಿಗೆಗೆ ಬಂದಿದಾರೆ," ಅಂದಳು ಅಮ್ಮ. ನೀವು ಆಕ್ಸಿಜನ್ ಸರಿಸಿ, ಏದುಸಿರು ಬಿಡುತ್ತಾ ಆ ಹೆಂಗಸಿಗೆ ಹೇಳಿದಿರಿ, "ಇವಳೊಬ್ಬಳೇ ಇದಾಳಮ್ಮ. ಮಗೂನ ಕರ್ಕೊಂಡು ಬರ್ತಾ ಇರು."

"ಆಯ್ತು ಸಾರ್," ಅಂದಳು ವೀಣಾ.

ನೀವು ಹೇಳಿದ ಹಾಗೇ ನಡೆಯುತ್ತಿದೆ ಅಪ್ಪ. ಅವಳು ಆ ಮನೆಯಲ್ಲೇ ಇದ್ದಾಳೆ. ಆ ಮಾತನ್ನು ವಾಪಸ್ ತೆಗೆದುಕೊಳ್ಳಲು ಈಗ ನೀವಿಲ್ಲ.